ಬೆರಳ ತುದಿಯ ಅಕ್ಷರಗಳು

ಕೃಷ್ಣರಾಜಪೇಟೆ ತಾಲ್ಲೂಕಿನ ಅಂಬಿಗರಹಳ್ಳಿ, ಸಂಗಾಪುರಗಳ ಬಳಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಎಂಬ ಮೂರು ನದಿಗಳು ಕೂಡುತ್ತವೆ. ಇದನ್ನು ತರಗತಿಯಲ್ಲಿ ತಿಳಿಸಬೇಕಾದ ಉಪಾಧ್ಯಾಯರು ಕರಿಹಲಗೆಯ ಮೇಲೆ ಮೂರು ಗೆರೆಗಳನ್ನೆಳೆದರೆ ಸಾಕು. ಕಣ್ಣುಳ್ಳ ಮಕ್ಕಳಿಗೆ ಕ್ಷಣಮಾತ್ರದಲ್ಲಿ ವಿಷಯವು ಮನದಟ್ಟಾಗುವುದು. ಆದರೆ ಆ ತರಗತಿಯಲ್ಲಿ ಹುಟ್ಟಿನಿಂದ ಅಂಧನಾದ ಬಾಲಕನೊಬ್ಬನಿದ್ದರೆ ಅವನಿಗೆ ಹೇಗೆ ತಿಳಿಸಬೇಕು? ದಪ್ಪ ರಟ್ಟಿನ ಮೇಲೆ ಮೂರು ಹುರಿಗಳನ್ನು ಅಂಟಿಸಿ ಅವನ ಕೈಗೆ ಕೊಟ್ಟರೆ, ಅವನೂ ಬೆರಳಾಡಿಸಿ ಸಂಗಮವನ್ನು ಗುರುತಿಸಬಲ್ಲನು. ಅವನಿಗೆ ಕೊರತೆಯಿರುವುದು ಬುದ್ಧಿಯದಲ್ಲ. ಬುದ್ಧಿಗೆ ವಿಷಯವನ್ನು ಮುಟ್ಟಿಸುವ ಹಾದಿಯದು. ಆ ಹಾದಿಯನ್ನು ಕನಿಕರವೊಂದೇ ತೋರಿಸಲಾರದು. ಪರಿಶೀಲನೆ, ಪ್ರಯೋಗಗಳೂ ಬೇಕು. ಅಂಧರ ವಿದ್ಯಾಭ್ಯಾಸದ ಇತಿಹಾಸದಿಂದ ನಾವು ಕಲಿಯುವ ಮುಖ್ಯ ಪಾಠವೇ ಇದು.

ಯೂರೋಪಿನಲ್ಲಿ ಅಂಧರಿಗಾಗಿ ಮೊದಮೊದಲು ಅಚ್ಚಾದ ಪುಸ್ತಕಗಳಲ್ಲಿ ಸಾಧಾರಣ ಅಕ್ಷರಗಳನ್ನೇ ಉಬ್ಬಿಸಿ ಮುದ್ರಿಸುತ್ತಿದ್ದರು. ಆದರೆ ಕಣ್ಣಿಗೆ ಒಪ್ಪುವ ಆಕೃತಿಯು ಬೆರಳಿಗೆ ಒಪ್ಪಬೇಕೆಂಬ ನಿಯಮವಿಲ್ಲ. ಒಂದೊಂದು ಅಕ್ಷರದ ಬಳಸುಗೆರೆಗಳನ್ನೂ ತಡವಿ ತಿಳಿಯಬೇಕಾದುದರಿಂದ ಓದು ಬಹು ನಿಧಾನವಾಗಿತ್ತು. ಫ್ರಾನ್ಸಿನ ಚಾರ್ಲ್ಸ್ ಬಾರ್ಬಿಯೇ ಎಂಬಾತನು ಗೆರೆಗಳನ್ನು ಬಿಟ್ಟು ಚುಕ್ಕೆಗಳನ್ನು ಹಿಡಿದನು. ಅವನ ಗುರುತುಗಳಲ್ಲಿ ೧೨ ಚುಕ್ಕೆಗಳವರೆಗೂ ಸ್ಥಳವಿದ್ದು, ಅವು ಬೆರಳ ತುದಿಗೆ ಒಮ್ಮೆಗೇ ಸಿಕ್ಕುತ್ತಿರಲಿಲ್ಲ. ಬಾಲ್ಯದಲ್ಲೇ ಅಪಘಾತದಿಂದ ದೃಷ್ಟಿ ಕಳೆದುಕೊಂಡಿದ್ದ ಲೂಯಿ ಬ್ರೈಲ್ (೧೮೦೯–೧೮೫೨) ಈ ದೋಷವನ್ನು ಕಂಡುಕೊಂಡು ಚುಕ್ಕೆಗಳನ್ನು ಆರಕ್ಕೆ ಇಳಿಸಿದನು. ೧೮೨೯ರಲ್ಲಿ ತನ್ನ ಪದ್ಧತಿಯನ್ನು ಪ್ರಕಟಿಸಿದನು. ಎಡಗಡೆ ಮೇಲಿನಿಂದ ಕೆಳಕ್ಕೆ ೧, ೨, ೩. ಬಲಗಡೆ ೪, ೫, ೬. ಈ ಆರರಿಂದ ೬೩ ಬೇರೆ ಬೇರೆ ಗುರುತುಗಳನ್ನು ಮಾಡಬಹುದು.

ಆರು ಚುಕ್ಕೆಗಳ ಈ ಮನೆ ಬೆರಳಿಗೆ ಏಕೆ ಒಗ್ಗುತ್ತದೆ? ನಮ್ಮ ಬೆರಳ ತುದಿಯು ಸುಮಾರು ೨ ಮಿಲಿಮೀಟರು ಅಂತರದಲ್ಲಿರುವ ಎರಡು ಮೊನೆಗಳನ್ನು ಎರಡೆಂದು ಅರಿಯಬಲ್ಲದು. ಅದಕ್ಕಿಂತ ಬಹಳ ಹತ್ತಿರವಾದರೆ ಎರಡೂ ಒಂದೇ ಎಂದು ತೋರುವುದು. ಬ್ರೈಲ್ ಮನೆಯಲ್ಲಿ ನೆರೆಹೊರೆಯ ಚುಕ್ಕೆಗಳ ಅಂತರ ಸುಮಾರು ೨.೫ ಮಿಲಿಮೀಟರು. ಚುಕ್ಕೆಗಳು ಒಂದರೊಡನೊಂದು ಬೆರೆಯುವುದಿಲ್ಲ. ಇಡೀ ಗುರುತು ಬೆರಳನ್ನು ಮೀರಿ ಹರಡುವುದೂ ಇಲ್ಲ.

ಈ ಲಿಪಿ ಕನ್ನಡಕ್ಕೆ ಹೇಗೆ ಹೊಂದಿತೆಂಬುದನ್ನು ಈಗ ನೋಡೋಣ. ಭಾರತದ ಭಾಷೆಗಳಿಗೆ ಹಿಂದೆ ಪರಸ್ಪರ ಹೊಂದದ ಹಲವು ಬ್ರೈಲ್ ಕ್ರಮಗಳಿದ್ದುವು. ೧೯೫೧ರಲ್ಲಿ ಅವುಗಳ ಬದಲಾಗಿ ಭಾರತಿ ಬ್ರೈಲ್ ಎಂಬ ಏಕರೂಪದ ಕ್ರಮವು ನೆಲೆಗೊಂಡಿತು. ಅದೇ ಕಾಲದಲ್ಲಿ ಯುನೆಸ್ಕೊ ಸಂಸ್ಥೆಯು ಏಷ್ಯ, ಆಫ್ರಿಕ ಖಂಡಗಳ ಭಾಷೆಗಳಿಗೂ ಇಂತಹ ಹೊಂದಾಣಿಕೆಯನ್ನು ತರಲು ಯತ್ನಿಸಿತು. ಭಾರತಿ ಬ್ರೈಲಿನಲ್ಲಿ ೧, ೩ ಚುಕ್ಕೆಗಳು ‘ಕ’. ೧, ೩, ೪ ಚುಕ್ಕೆಗಳು ‘ಮ’. ೧, ೨, ೩ ಚುಕ್ಕೆಗಳು ‘ಲ’. ಈ ಮೂರನ್ನು ಸಾಲಾಗಿ ಇಟ್ಟರೆ ‘ಕಮಲ’ ಆಯಿತು. ಗುಣಿತಾಕ್ಷರಕ್ಕೆ ಇಲ್ಲಿ ಕೊಂಬು, ಗುಡಿಸುಗಳಿಲ್ಲ. ವ್ಯಂಜನದ ಮುಂದೆ ಸ್ವರವನ್ನೇ ಬರೆಯುತ್ತಾರೆ. ನಮಗೆ ಎರಡಕ್ಷರವಾದ ‘ನೀರು’ ಅಲ್ಲಿ ನ, ಈ, ರ, ಉ ಎಂಬ ನಾಲ್ಕು ಮನೆಗಳಾಗುವುದು. ಒತ್ತಕ್ಷರವೂ ಕೆಳಗೆ ಇಳಿಯುವುದಿಲ್ಲ. ‘ಅಕ್ಕ’ ಎಂಬಲ್ಲಿ ‘ಅ’ ಆದ ಮೇಲೆ ೪ನೆಯ ಚುಕ್ಕೆಯೊಂದನ್ನೇ ಇಟ್ಟು, ಬಳಿಕ ಎರಡು ‘ಕ’ಗಳನ್ನು ಬರೆಯುತ್ತಾರೆ, ಮುಂದಿನ ವ್ಯಂಜನಕ್ಕೆ ಸ್ವರವಿಲ್ಲವೆಂದು ಆ ಚುಕ್ಕೆಯು ಸೂಚಿಸುತ್ತದೆ. ಹೀಗೆ ಮೇಲೆ ಕೆಳಗೆ ಹರಡುವ ನಮ್ಮ ಲಿಪಿಯು ಬೆರಳಿಗಾಗಿ ಒಂದೇ ಸಾಲಿನಲ್ಲಿ ನಡೆಯುತ್ತದೆ.

ನಮ್ಮ ನಾಡಿನಲ್ಲಿ ಈ ಕಾರ್ಯವು ಬಹು ಹಿಂದೆಯೇ ಆರಂಭವಾಯಿತು. ಎಂ. ಶ್ರೀನಿವಾಸರಾಯರು ೧೯೦೧ರಲ್ಲಿ ಮೈಸೂರಿನಲ್ಲಿ ಅಂಧರ ಮತ್ತು ಕಿವುಡರ ಶಾಲೆಯನ್ನು ತೆರೆದರು. ಇಂತಹ ವಿಶೇಷ ಶಾಲೆಗಳ ಉಪಕಾರವು ದೊಡ್ಡದು. ಆದರೆ ಅವು ನಗರಗಳಲ್ಲೇ ನೆಲಸಿದುದರಿಂದ ಹಳ್ಳಿಯ ಮಗುವು ಐದಾರು ವರ್ಷದ ಎಳೆವಯಸ್ಸಿನಲ್ಲೇ ತಾಯಿತಂದೆಯರನ್ನು ಬಿಟ್ಟು ಹೊರಡಬೇಕಾಗುತ್ತಿತ್ತು. ಕಳುಹಿಸಲು ಮನಸ್ಸೊಪ್ಪದ ಮನೆಗಳಲ್ಲಿ ಮಗುವಿನ ಓದಿನ ವಯಸ್ಸೇ ಕಳೆದುಹೋಗುತ್ತಿತ್ತು.

ಆ ವಯಸ್ಸು ಎಷ್ಟು ಅಮೂಲ್ಯವೆಂಬುದನ್ನು ಮೆದುಳಿನ ಸಂಶೋಧನೆಯು ತೋರಿಸಿದೆ. ತಲೆಯ ಹಿಂಭಾಗದಲ್ಲಿರುವ ಮೆದುಳಿನ ಒಂದು ಪ್ರದೇಶವು ನೋಟಕ್ಕೆ ಮೀಸಲೆಂದು ಬಹುಕಾಲ ತಿಳಿದಿದ್ದರು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು ಬ್ರೈಲ್ ಓದುವಾಗ ಆ ಪ್ರದೇಶವು ಚಟುವಟಿಕೆಯಿಂದಿರುವುದೆಂದು ೧೯೯೬ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿದುಬಂತು. ಮರುವರ್ಷ ಇನ್ನೊಂದು ಪ್ರಯೋಗದಲ್ಲಿ ಕಾಂತಶಕ್ತಿಯಿಂದ ಆ ಭಾಗದ ಕೆಲಸವನ್ನು ಕ್ಷಣಕಾಲ ಕೆಡಿಸಿದಾಗ ಅವರ ಓದಿನಲ್ಲಿ ತಪ್ಪುಗಳು ತಲೆದೋರಿದುವು. ಬೆಳಕು ಬಾರದ ಕೋಣೆಯನ್ನು ಮೆದುಳು ಬರಿದಾಗಿ ಬಿಡದೆ ಬೆರಳಿನ ಕೆಲಸಕ್ಕೆ ಒಪ್ಪಿಸಿತ್ತು! ಬೆಳೆಯುವ ಮೆದುಳಿನಲ್ಲಿ ಇಂತಹ ಮಾರ್ಪಾಟು ಹೆಚ್ಚು ಸುಲಭ. ಆದುದರಿಂದ ಅಕ್ಷರಾಭ್ಯಾಸವನ್ನು ಬೇಗನೆ ಆರಂಭಿಸುವುದು ಒಳಿತು.

ಗಣಿತಕ್ಕೂ ಉಪಾಯಗಳುಂಟು. ಟೇಲರ್ ಚೌಕಟ್ಟೆಂಬ ಹಲಗೆಯಲ್ಲಿ ಎಂಟು ಮೂಲೆಗಳ ರಂಧ್ರಗಳಿರುತ್ತವೆ. ಅವುಗಳಲ್ಲಿ ಲೋಹದ ಚಿಕ್ಕ ಮೊಳೆಗಳನ್ನು ನಿಲ್ಲಿಸುತ್ತಾರೆ. ಮೊಳೆಯ ಒಂದು ತುದಿಯಲ್ಲಿ ಉಬ್ಬುಗೆರೆ, ಇನ್ನೊಂದರಲ್ಲಿ ಎರಡು ಚುಕ್ಕೆ. ಪ್ರತಿಯೊಂದು ತುದಿಯನ್ನೂ ಎಂಟು ದಿಕ್ಕುಗಳಿಗೆ ತಿರುಗಿಸಬಹುದಾದುದರಿಂದ ಒಂದೇ ಬಗೆಯ ಮೊಳೆಯಿಂದ ೧೬ ಗುರುತುಗಳು ದೊರೆಯುತ್ತವೆ. ಹತ್ತು ಅಂಕಿಗಳಿಗೂ ಕೂಡುವ ಕಳೆಯುವ ಚಿಹ್ನೆಗಳಿಗೂ ಇವು ಸಾಕು.

ಇಂದು ಗಣಕಯಂತ್ರವೂ ಮೊಬೈಲೂ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿರುವಾಗ ಬ್ರೈಲ್ ಏಕೆಂದು ಕೆಲವರು ಕೇಳಬಹುದು. ಕೇಳಿ ಕಲಿಯುವುದರಿಂದ ಲಾಭವು ಬಹಳ. ಆದರೆ ಕಿವಿಯು ಪದದ ಧ್ವನಿಯನ್ನು ಕೊಡುವುದೇ ಹೊರತು ಅದರ ಬರಹವನ್ನು ಕೊಡುವುದಿಲ್ಲ. ‘ಶ’ಕಾರವೋ ‘ಷ’ಕಾರವೋ, ಅಲ್ಪಪ್ರಾಣವೋ ಮಹಾಪ್ರಾಣವೋ, ವಾಕ್ಯದಲ್ಲಿ ಅಲ್ಪವಿರಾಮವೆಲ್ಲಿ, ಸಮೀಕರಣದಲ್ಲಿ ಆವರಣವೆಲ್ಲಿ ಎಂಬುದನ್ನೆಲ್ಲ ಬೆರಳು ನೇರವಾಗಿ ತಿಳಿಯುತ್ತದೆ. ಕಣ್ಣುಳ್ಳ ಮಕ್ಕಳಿಗೆ ಕಥೆ ಹೇಳುವವರಿದ್ದಾರೆಂದು ನಾವು ಅವರಿಗೆ ಓದುಬರಹವನ್ನು ಕಲಿಸದೆ ಬಿಡುವುದಿಲ್ಲವಷ್ಟೆ! ಅಲ್ಪದೃಷ್ಟಿ ಉಳಿದಿರುವ ಮಕ್ಕಳ ಮಾತು ಬೇರೆ. ಅವರಲ್ಲಿ ಅನೇಕರಿಗೆ ದಪ್ಪಕ್ಷರದ ಪುಸ್ತಕ, ತಕ್ಕ ಬೆಳಕು, ಭೂತಗನ್ನಡಿಗಳೇ ನೆರವಾಗುವುವು. ಆದುದರಿಂದ ಮೊದಲು ಪ್ರತಿ ಮಗುವಿನ ದೃಷ್ಟಿಯನ್ನು ಪರೀಕ್ಷಿಸಿ, ಬಳಿಕ ಸಾಧನವನ್ನು ಆರಿಸಬೇಕು.

ಕಾನೂನು ಈಗ ಈ ಮಕ್ಕಳ ಪಕ್ಷದಲ್ಲಿದೆ. ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮದಂತೆ, ಗೊತ್ತಾದ ಪ್ರಮಾಣಕ್ಕೆ ಮೀರಿದ ಅಂಗವೈಕಲ್ಯವುಳ್ಳ ೬ರಿಂದ ೧೮ ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ, ತಾವು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕುಂಟು. ೨೦೧೩ರಲ್ಲಿ ಆಫ್ರಿಕದ ಮೊರಾಕ್ಕೊ ದೇಶದ ಮರಾಕೆಷ್ ನಗರದಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಗ್ರಂಥಸ್ವಾಮ್ಯದ ತಡೆಯಿಲ್ಲದೆ ಪುಸ್ತಕಗಳನ್ನು ಅಂಧರು ಓದುವ ರೂಪಕ್ಕೆ ತಂದು, ದೇಶದಿಂದ ದೇಶಕ್ಕೆ ಕಳುಹಿಸಲು ಅದು ದಾರಿ ಮಾಡಿತು. ಅದನ್ನು ಸ್ಥಿರೀಕರಿಸಿದ ಮೊದಲನೆಯ ದೇಶ ಭಾರತ, ಅದು ೨೦೧೪ರಲ್ಲಿ.

ಹಕ್ಕು ಕಾಗದದಲ್ಲಿದ್ದರೆ ಸಾಲದು. ಹಳ್ಳಿಯ ಶಾಲೆಯಲ್ಲಿ ಅಂಧ ಮಗುವಿಗೆ ಬೆಂಚಿನ ಮೇಲೆ ಸ್ಥಳವನ್ನು ಕೊಟ್ಟು, ಬ್ರೈಲ್ ಬಲ್ಲ ಉಪಾಧ್ಯಾಯರನ್ನಾಗಲಿ, ಉಬ್ಬುನಕ್ಷೆಯನ್ನಾಗಲಿ ಕೊಡದಿದ್ದರೆ ಅದು ತರಗತಿಯಲ್ಲಿದ್ದೂ ಇಲ್ಲದಂತೆಯೇ. ಉಳಿದವರ ಪುಸ್ತಕ ಬಂದ ದಿನವೇ ಅದರ ಪುಸ್ತಕವೂ ಬರಬೇಕು. ಆರು ತಿಂಗಳು ತಡವಾದರೆ ಪಾಠಗಳು ಕಾಯುವುದಿಲ್ಲ. ವಿದ್ಯಾರ್ಥಿಗಳಾದ ವಾಚಕರೂ ಇದರಲ್ಲಿ ಕೈಜೋಡಿಸಬಹುದು. ರಟ್ಟು, ಹುರಿ, ಅಂಟುಗಳಿಂದ ನಿಮ್ಮ ತಾಲ್ಲೂಕಿನ ನಕ್ಷೆಯೊಂದನ್ನು ಮಾಡಿ, ಅಂಧ ವಿದ್ಯಾರ್ಥಿಯೊಬ್ಬರ ಕೈಗಿತ್ತು ಎಲ್ಲಿ ಬೆರಳು ತಡೆಯುವುದೆಂದು ಕೇಳಿರಿ. ಅವರು ಹೇಳಿದಂತೆ ತಿದ್ದಿರಿ. ತಿದ್ದಿದ ಆ ನಕ್ಷೆಯನ್ನು ನಿಮ್ಮ ಶಾಲೆಗೆ ಕೊಟ್ಟರೆ ಮುಂದೆ ಬರುವ ಮಗುವಿಗೆ ಅದು ಸಿದ್ಧವಾಗಿರುವುದು.