ವಿಮಾನಕ್ಕೆ ಕಣ್ಣು ಕೊಂಡ ಕತೆ

ಗಾಗಲ್ಸ್ ಒಳಗಿನ ಚಿತ್ರ ಒಮ್ಮೆಲೇ ಚುಕ್ಕಿಚುಕ್ಕಿಯಾಯಿತು. ಹಿಂದೆಲ್ಲ ಮನೆ ಮೇಲಿನ ಟಿವಿ ಆಂಟೆನಾ ಗಾಳಿಗೆ ತಿರುಗಿದಾಗ ಆಗುತ್ತಿತ್ತಲ್ಲ, ಹಾಗೆ. ಎರಡು ಸೆಕೆಂಡ್ ಕಳೆಯುವಷ್ಟರಲ್ಲಿ ಅದೂ ಇಲ್ಲ, ಬರೀ ಕಪ್ಪು. ಗಾಬರಿಯಲ್ಲಿ ಗಾಗಲ್ಸ್ ಕಿತ್ತು ಆಕಾಶ ನೋಡಿದೆ. ನನ್ನ ವಿಮಾನ ಎಲ್ಲೂ ಇರಲಿಲ್ಲ. ‘ಎಲ್ಲಿ ಹೋಯ್ತೋ?’ ಎಂದು ಪಕ್ಕದಲ್ಲಿದ್ದ ರೂಮ್‌ಮೇಟ್‌ನನ್ನು ಕೇಳಿದೆ. ವಿಮಾನದ ಮೇಲೆ ಕಣ್ಣಿಡುವುದಷ್ಟೇ ಅವನ ಕೆಲಸವಾಗಿತ್ತು. ಅವನು ಮೊಬೈಲ್ ಕೆಳಗಿಳಿಸಿ, ‘ಲೇ, ನಾನು ನಿನ್ನದೇ ರೀಲ್ಸ್ ಮಾಡ್ತಿದ್ನಲ್ಲೋ’ ಎಂದ.

ದಾವಣಗೆರೆ ಸಮೀಪದ ನಮ್ಮೂರಿನಲ್ಲಿ ಆಗ ಮೆಕ್ಕೆಜೋಳ ಆಳೆತ್ತರಕ್ಕೆ ಬೆಳೆದು ನಿಂತಿತ್ತು. ಅದರೊಳಗೆ ಬಿದ್ದ ವಿಮಾನವನ್ನು ಹುಡುಕುವುದೆಂದರೆ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತೆ.

ನಾನಾಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ರಿಮೋಟ್ ಹಿಡಿದು ನೆಲದಿಂದ ನೋಡುತ್ತಾ ವಿಮಾನ ಹಾರಿಸುವುದು ಒಂದು ವರ್ಷದಿಂದ ರೂಢಿಯಾಗಿತ್ತು. ಆಮೇಲೆ ತಲೆಗೆ ಹೊಕ್ಕಿದ್ದು ಎಫ್‌ಪಿವಿ, ಅಂದರೆ ಫಸ್ಟ್ ಪರ್ಸನ್ ವ್ಯೂ. ವಿಮಾನದ ಮೂಗಿಗೆ ಪುಟ್ಟ ಕ್ಯಾಮೆರಾ, ಅದರ ಚಿತ್ರವನ್ನು ಗಾಳಿಯಲ್ಲಿ ಕಳಿಸುವ ವಿಡಿಯೊ ಟ್ರಾನ್ಸ್‌ಮಿಟರ್, ಅಂದರೆ ವಿಟಿಎಕ್ಸ್, ಮತ್ತು ಕೆಳಗೆ ನಮ್ಮ ಕಣ್ಣಿಗೆ ಗಾಗಲ್ಸ್. ಪೈಲಟ್ ಸೀಟಿನಲ್ಲಿ ಕೂತು ನೋಡಿದ ಹಾಗೆ ನಮ್ಮ ಊರನ್ನೇ ಮೇಲಿಂದ ನೋಡಬಹುದು.

ಆಸೆ ದೊಡ್ಡದು, ಜೇಬು ಸಣ್ಣದು. ಅಮ್ಮ ಬ್ಲೌಸ್ ಹೊಲಿದು ಸಂಸಾರ ತೂಗಿಸುತ್ತಿದ್ದಳು. ‘ಪ್ರಾಜೆಕ್ಟ್‌ಗೆ ಬೇಕು’ ಎಂದದ್ದಕ್ಕೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಒಂಬತ್ತು ಸಾವಿರ ಕೊಟ್ಟಳು. ನನ್ನ ಮೂರು ಸಾವಿರ ಸೇರಿ ಹನ್ನೆರಡಾಯಿತು. ಜಾಹೀರಾತಿನ ಫೋಟೊ ನೋಡಿ ಗಾಗಲ್ಸ್ ಆರಿಸಿದೆ. ‘600 ಮಿಲಿವ್ಯಾಟ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದಕ್ಕೆ ಆ ವಿಟಿಎಕ್ಸ್ ಕೊಂಡೆ. ಆಂಟೆನಾ ಆರಿಸಲು ಎರಡು ನಿಮಿಷವೂ ತೆಗೆದುಕೊಳ್ಳಲಿಲ್ಲ. ಒಂದು ತುಂಡು ತಂತಿ ತಾನೇ ಎಂದು ಎಲ್ಲಕ್ಕಿಂತ ಅಗ್ಗದ್ದನ್ನು ತರಿಸಿದೆ.

ಆ ಸಂಜೆ ಕತ್ತಲಾಗುವವರೆಗೂ ಹುಡುಕಿ ಬರಿಗೈಲಿ ಮನೆಗೆ ಬಂದೆವು. ರಾತ್ರಿ ನಿದ್ದೆ ಬರದೆ ಗಾಗಲ್ಸ್‌ನಲ್ಲಿ ರೆಕಾರ್ಡ್ ಆಗಿದ್ದ ವಿಡಿಯೊ ಹಾಕಿ ನೋಡಿದೆ. ಚಿತ್ರ ಹೋಗುವ ಮೊದಲು ಒಂದು ಬೇವಿನಮರ, ಅದರ ಎಡಕ್ಕೆ ಬೋರ್‌ವೆಲ್‌ನ ಪಂಪ್‌ಹೌಸ್ ಕಾಣುತ್ತಿತ್ತು. ಬೆಳಿಗ್ಗೆ ಅದೇ ಗುರುತು ಹಿಡಿದು ಹೋದರೆ ಹೊಲದ ಅಜ್ಜ ಆಗಲೇ ವಿಮಾನವನ್ನು ಬದುವಿನ ಮೇಲೆ ತಂದಿಟ್ಟಿದ್ದರು. ‘ನಿನ್ನ ಗಾಳಿಪಟ ಮೂರು ದಂಟು ಮುರಿದೈತಿ ನೋಡಪ್ಪಾ’ ಎಂದು ನಕ್ಕರು. ರೆಕ್ಕೆ ಎರಡು ತುಂಡಾಗಿತ್ತು. ವಿಟಿಎಕ್ಸ್ ಸತ್ತೇಹೋಗಿತ್ತು.

ಕಾರಣ ಹುಡುಕಿದ್ದು ಕಾಲೇಜಿನ ಸೀನಿಯರ್ ಒಬ್ಬರು. ಆಂಟೆನಾ ಬಿಚ್ಚಿ, ‘ಇದರ ಒಳಗೆ ನೋಡು’ ಎಂದರು. ನಡುವೆ ಇರಬೇಕಾದ ಸೂಜಿಯಂಥ ಪಿನ್ ಇರಲಿಲ್ಲ, ರಂಧ್ರವಿತ್ತು. ವಿಟಿಎಕ್ಸ್ ಕಡೆಯಲ್ಲೂ ರಂಧ್ರವೇ. ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಎಂಬ ಎರಡು ಬಗೆಯ ಕನೆಕ್ಟರ್‌ಗಳಿವೆ. ಹೊರಗಿನ ತಿರುಪು ಒಂದಕ್ಕೊಂದು ಸಲೀಸಾಗಿ ಕೂರುತ್ತದೆ, ಒಳಗಿನ ತಂತಿ ಮಾತ್ರ ತಾಗುವುದೇ ಇಲ್ಲ. ಕೋಣೆಯಲ್ಲಿ ಪರೀಕ್ಷಿಸಿದಾಗ ನಾಲ್ಕು ಹೆಜ್ಜೆ ದೂರಕ್ಕೆ ಚಿತ್ರ ಚೆನ್ನಾಗಿಯೇ ಬಂದಿತ್ತು. ಮೇಲೆ ಹೋದಾಗ ಸಿಗ್ನಲ್ ತಲುಪಲಿಲ್ಲ. ಆಂಟೆನಾ ಮೂಲಕ ಹೊರಹೋಗಬೇಕಾದ ಶಕ್ತಿ ವಾಪಸ್ ತಿರುಗಿ ವಿಟಿಎಕ್ಸ್ ಅನ್ನೇ ಸುಟ್ಟಿತ್ತು. ಆಂಟೆನಾ ಇಲ್ಲದೆ ವಿಟಿಎಕ್ಸ್‌ಗೆ ಕರೆಂಟ್ ಕೊಡಬಾರದು ಎಂಬುದು ಈ ಹವ್ಯಾಸದ ಮೊದಲ ಪಾಠ. ಅರಿವಿಲ್ಲದೆ ನಾನು ಅದನ್ನೇ ಮಾಡಿದ್ದೆ.

ಅಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ‘ಪ್ರಾಜೆಕ್ಟ್ ಹೆಂಗಾತು?’ ಎಂದಾಗಲೆಲ್ಲ ‘ನಡೀತಿದೆ’ ಎನ್ನುತ್ತಿದ್ದೆ. ಮದುವೆ ಸೀಜನ್‌ನಲ್ಲಿ ಕೇಟರಿಂಗ್‌ನವರ ಜೊತೆ ಬಡಿಸಲು ಹೋಗಿ ದುಡ್ಡು ಕೂಡಿಸಿದೆ. ಈ ಸಲ ಕೊಳ್ಳುವ ಮೊದಲು ಓದಿದೆ, ಕೇಳಿದೆ. ನನಗೆ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ನಿಮ್ಮ ಕಣ್ಣಿನಿಂದಲೇ ಶುರು ಮಾಡಿ. ನನಗೆ ಕನ್ನಡಕ ಇದೆ. ತೆಳ್ಳಗಿನ, ಎರಡು ಪುಟ್ಟ ಪರದೆಯ ಗಾಗಲ್ಸ್‌ನೊಳಗೆ ಕನ್ನಡಕ ಹಿಡಿಸುವುದು ಕಷ್ಟ. ಅದಕ್ಕೆ ಬೇರೆ ಲೆನ್ಸ್ ಹಾಕಿಸಬೇಕು. ಒಂದೇ ದೊಡ್ಡ ಪರದೆಯ ಡಬ್ಬಿ ಗಾಗಲ್ಸ್ ನೋಡಲು ಚಂದವಿಲ್ಲ, ಭಾರವೂ ಹೌದು. ಆದರೆ ಹಲವು ಮಾದರಿಗಳಲ್ಲಿ ಕನ್ನಡಕದ ಮೇಲೆಯೇ ಕೂರುತ್ತದೆ, ಬೆಲೆಯೂ ಕಡಿಮೆ. ರೆಕಾರ್ಡಿಂಗ್ ಇರುವುದನ್ನೇ ಆರಿಸಿ. ಕಳೆದುಹೋದ ವಿಮಾನ ಹುಡುಕಲು ಅದೇ ಗತಿ.

ಎರಡನೆಯದು, ಅನಲಾಗೋ ಡಿಜಿಟಲ್ಲೋ ಎಂಬ ಪ್ರಶ್ನೆ. 2019ರಲ್ಲಿ ಡಿಜೆಐ ತನ್ನ ಡಿಜಿಟಲ್ ಎಫ್‌ಪಿವಿ ತಂದ ಮೇಲೆ ಎಲ್ಲರ ಕಣ್ಣೂ ಆ ಕಡೆಗೆ. ಎಚ್‌ಡಿ ಜೀರೊ, ವಾಕ್‌ಸ್ನೇಲ್ ಕೂಡ ಇವೆ. ಚಿತ್ರ ಕನ್ನಡಿಯಂತಿರುತ್ತದೆ. ಆದರೆ ನಾನು ಕೇಳಿದಾಗ ಪೂರ್ತಿ ಸೆಟ್ಟಿನ ಖರ್ಚು ಅರ್ಧ ಲಕ್ಷ ದಾಟುತ್ತಿತ್ತು. ಒಂದು ಕಂಪನಿಯ ಗಾಗಲ್ಸ್‌ಗೆ ಸಾಮಾನ್ಯವಾಗಿ ಇನ್ನೊಂದರ ವಿಟಿಎಕ್ಸ್ ಹೊಂದುವುದೂ ಇಲ್ಲ. ಅನಲಾಗ್‌ನಲ್ಲಿ ಯಾವ ಕಂಪನಿಯದ್ದನ್ನಾದರೂ ಜೋಡಿಸಬಹುದು. ಚಿತ್ರ ಮಸುಕು, ನಿಜ. ಆದರೆ ಸಿಗ್ನಲ್ ಕ್ಷೀಣಿಸಿದಂತೆ ಚುಕ್ಕಿ ಹೆಚ್ಚುತ್ತಾ ‘ವಾಪಸ್ ತಿರುಗು’ ಎಂದು ಮೊದಲೇ ಎಚ್ಚರಿಸುತ್ತದೆ. ಡಿಜಿಟಲ್ ಚಿತ್ರ ಕೊನೆಯವರೆಗೂ ಚೆನ್ನಾಗಿದ್ದು ತಟ್ಟನೆ ನಿಂತುಬಿಡಬಹುದು. ಚಿತ್ರ ತಡವಾಗಿ ಬರುವ ಬಗ್ಗೆ ರೇಸ್ ಮಾಡುವವರು ತಲೆ ಕೆಡಿಸಿಕೊಳ್ಳುತ್ತಾರೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ 30 ಮಿಲಿಸೆಕೆಂಡ್ ತಡವಾದರೆ ವಿಮಾನ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಗೇಟಿನೊಳಗೆ ನುಸುಳುವವರಿಗೆ ಅದು ದೊಡ್ಡದು, ಬಯಲಿನ ಮೇಲೆ ನಿಧಾನಕ್ಕೆ ಹಾರುವ ನನ್ನಂಥವರಿಗೆ ಲೆಕ್ಕಕ್ಕಿಲ್ಲ.

ಮೂರನೆಯದು ಪವರ್. ಹೆಚ್ಚು ಮಿಲಿವ್ಯಾಟ್ ಇದ್ದರೆ ಹೆಚ್ಚು ದೂರ, ಸರಿ. ಆದರೆ ದೂರ ಎರಡರಷ್ಟಾಗಬೇಕಾದರೆ ಪವರ್ ನಾಲ್ಕರಷ್ಟಾಗಬೇಕು. ಜೊತೆಗೆ ಬಿಸಿಯೂ ಏರುತ್ತದೆ. ವಿಟಿಎಕ್ಸ್ ತಂಪಾಗುವುದು ಹಾರುವಾಗ ತಾಗುವ ಗಾಳಿಯಿಂದ. ಮೇಜಿನ ಮೇಲೆ ಹೊತ್ತುಗಟ್ಟಲೆ ಚಾಲೂ ಇಡಬೇಡಿ. 25ರಿಂದ ಮೇಲಕ್ಕೆ ಬದಲಿಸಬಹುದಾದ ವಿಟಿಎಕ್ಸ್ ಕೊಳ್ಳುವುದು ಜಾಣತನ.

ನಾಲ್ಕನೆಯದೇ ಆಂಟೆನಾ. ಅಣಬೆಯಾಕಾರದ ಆಂಟೆನಾಗಳಲ್ಲಿ ಬಲಸುತ್ತು, ಎಡಸುತ್ತು ಎಂದು ಎರಡು ಬಗೆ. ಮೇಲೆ ಆರ್‌ಎಚ್‌ಸಿಪಿ, ಎಲ್‌ಎಚ್‌ಸಿಪಿ ಎಂದು ಬರೆದಿರುತ್ತದೆ. ವಿಮಾನದಲ್ಲೂ ಗಾಗಲ್ಸ್‌ನಲ್ಲೂ ಒಂದೇ ಬಗೆ ಇರಬೇಕು, ಇಲ್ಲದಿದ್ದರೆ ಸಿಗ್ನಲ್‌ನ ಬಹುಪಾಲು ವ್ಯರ್ಥ. ಕನೆಕ್ಟರ್‌ನೊಳಗಿನ ಪಿನ್ ಕಣ್ಣಾರೆ ನೋಡಿಯೇ ತಿರುಪು ಹಾಕಿ.

ಕ್ಯಾಮೆರಾ ಸಾಧಾರಣದ್ದೇ ಸಾಕು, ಎದುರು ಬಿಸಿಲಿದ್ದರೂ ನೆಲ ಕಾಣುವಂತೆ ಡಬ್ಲ್ಯುಡಿಆರ್ ಇರಲಿ. ಥ್ರಾಟಲ್ ಏರಿಸಿದಾಗ ಚಿತ್ರದಲ್ಲಿ ಗೆರೆಗಳು ಬಂದರೆ ದೋಷ ಕ್ಯಾಮೆರಾದ್ದೇ ಎಂದು ಬೈಯಬೇಡಿ. ಅದು ಒಂದೇ ಬ್ಯಾಟರಿ ಹಂಚಿಕೊಂಡ ಮೋಟರ್‌ನ ಗದ್ದಲ ಇರಬಹುದು. ಕ್ಯಾಮೆರಾದ ಲೈನಿಗೆ ಒಂದು ಫಿಲ್ಟರ್ ಹಾಕಿದ ಮೇಲೆ ನನ್ನ ಚಿತ್ರ ತಿಳಿಯಾಯಿತು.

ಇನ್ನು ಕಾನೂನು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವ ತರಂಗಗಳಲ್ಲಿ ಇದಕ್ಕೆ ಹೊಂದುವುದು 5725ರಿಂದ 5875 ಮೆಗಾಹರ್ಟ್ಸ್. ವಿಟಿಎಕ್ಸ್‌ನಲ್ಲಿ 40 ಚಾನೆಲ್ ಇದ್ದರೂ ಎಲ್ಲವೂ ಇದರೊಳಗೆ ಬರುವುದಿಲ್ಲ. ರೇಸ್‌ಬ್ಯಾಂಡ್‌ನ ಎಂಟರಲ್ಲಿ 3ರಿಂದ 6ರವರೆಗಿನ ನಾಲ್ಕೇ ಒಳಗಿವೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹವ್ಯಾಸದ, ಕಲಿಕೆಯ ಮಾದರಿ ವಿಮಾನ ಕಣ್ಣಿಗೆ ಕಾಣುವ ದೂರದಲ್ಲೇ ಹಾರಬೇಕು. ಹೋಗುವ ಜಾಗ ಹಸಿರು ವಲಯವೇ ಎಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಿ. ಗಾಗಲ್ಸ್ ಕಟ್ಟಿದವನಿಗೆ ಸುತ್ತಲಿನದ್ದು ಕಾಣದು. ಹಾಗಾಗಿ ಪಕ್ಕದಲ್ಲಿ ಒಬ್ಬರು ಇರಲೇಬೇಕು, ಅವರ ಮೊಬೈಲ್ ಜೇಬಿನಲ್ಲಿರಬೇಕು.

ಎರಡನೇ ಸಲ ಹಾರಿಸುವ ಮೊದಲು ವಿಟಿಎಕ್ಸ್ ಅನ್ನು 25ಕ್ಕೆ ಇಳಿಸಿ, ವಿಮಾನವನ್ನು ರೂಮ್‌ಮೇಟ್ ಕೈಗೆ ಕೊಟ್ಟು ನೂರು ಹೆಜ್ಜೆ ನಡೆಸಿದೆ. ಚಿತ್ರ ಕದಲಲಿಲ್ಲ. ಈ ಹತ್ತು ನಿಮಿಷದ ಪರೀಕ್ಷೆಯನ್ನು ಮೊದಲ ಸಲವೇ ಮಾಡಿದ್ದರೆ ಸಂಘದ ಸಾಲ ಹೊಲದ ಪಾಲಾಗುತ್ತಿರಲಿಲ್ಲ. ಈಗ ಪ್ಲೇಸ್‌ಮೆಂಟ್‌ಗೆ ರೆಸ್ಯೂಮೆ ಬರೆಯುವಾಗ ಪ್ರಾಜೆಕ್ಟ್ ಎಂಬಲ್ಲಿ ಇದನ್ನೇ ಹಾಕಿದ್ದೇನೆ. ಏನು ಹಾಳಾಯಿತು, ಏಕೆ ಹಾಳಾಯಿತು ಎಂಬುದನ್ನೂ ಒಂದು ಸಾಲು ಸೇರಿಸಿದ್ದೇನೆ.

ಆ ದಿನ ಅಮ್ಮನನ್ನೂ ಬಯಲಿಗೆ ಕರೆದುಕೊಂಡು ಹೋಗಿದ್ದೆ. ಹಾರಿಸುವ ಮೊದಲು ಎಲ್ಲವನ್ನೂ ಹೇಳಿದೆ. ಸುಟ್ಟದ್ದು, ಮುರಿದದ್ದು, ಬಡಿಸಲು ಹೋದದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ದಾರ ಪೋಣಿಸದೆ ಮಿಷನ್ ತುಳಿದಂಗಾತಲ್ಲೋ’ ಎಂದಳು. ಅಷ್ಟೇ, ಬೈಯಲಿಲ್ಲ.

ಒಂದು ಸುತ್ತು ಹಾರಿಸಿ ವಿಮಾನ ಇಳಿಸಿದ ಮೇಲೆ ರೆಕಾರ್ಡಿಂಗ್ ಹಾಕಿ ಗಾಗಲ್ಸ್ ಅವಳ ಕಣ್ಣಿಗೆ ಕಟ್ಟಿದೆ. ‘ಟಿವಿನ ಮೂಗಿಗೆ ಕಟ್ಟಿದಂಗೈತಿ’ ಎಂದು ನಕ್ಕವಳು ಆಮೇಲೆ ಮಾತು ನಿಲ್ಲಿಸಿದಳು. ಕೆರೆ, ಗುಡಿಯ ಗೋಪುರ, ನಮ್ಮ ಓಣಿ ದಾಟಿತು. ‘ಅಲ್ಲಿ ನೋಡೋ, ನಮ್ಮ ಮಾಳಿಗೆ. ಹಪ್ಪಳ ತೆಗೆಯೋದು ಮರೆತು ಬಂದೀನಿ’ ಎಂದಳು.

ಸಂಘದ ಸಾಲದಲ್ಲಿ ಇನ್ನೆರಡು ಕಂತು ಬಾಕಿ ಇವೆ. ಅವನ್ನು ನಾನೇ ಕಟ್ಟುತ್ತಿದ್ದೇನೆ.