ಗಾಳಿ ಹೊಲದಲ್ಲಿ ಸೆಣಬು

ಇವತ್ತು ಸೆಣಬಿನ ವಿಚಾರ ಮಾತಾಡೋಣ. ಹಳದಿ ಹೂ ಬಿಡುವ, ಆಳೆತ್ತರ ಬೆಳೆಯುವ, ಹಗ್ಗಕ್ಕೆ ನಾರು ಕೊಡುವ ನಮ್ಮ ಹಳೆಯ ಸೆಣಬು. ಇದು ದ್ವಿದಳ ಜಾತಿಯ ಗಿಡ. ಹುರುಳಿ, ಅಲಸಂದೆಗಳ ನೆಂಟ. ಗಾಳಿಯಲ್ಲಿರುವ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಂದು ಎಕರೆ ಸೆಣಬು ಚೆನ್ನಾಗಿ ಬಂದರೆ 6 ರಿಂದ 8 ಟನ್ ಹಸಿ ಸೊಪ್ಪು, ಅದರ ಮೂಲಕ ಸುಮಾರು 25 ರಿಂದ 30 ಕಿಲೋ ಸಾರಜನಕ ಗದ್ದೆಗೆ ಸೇರುತ್ತದೆ. 45 ಕಿಲೋ ಯೂರಿಯಾ ಮೂಟೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದೂಕಾಲರಿಂದ ಒಂದೂವರೆ ಮೂಟೆಯಷ್ಟಾಯಿತು. ಮಣ್ಣು ಹದವಾಗುವುದು ಅದರ ಮೇಲಿನ ಲಾಭ.

ಇಷ್ಟೆಲ್ಲ ಗುಣ ಇದ್ದರೂ ಇದಕ್ಕೊಂದು ಕಷ್ಟ ಇದೆ. ಗಿಡ ತೆಳ್ಳಗೆ, ಎತ್ತರ. ಜೋರು ಗಾಳಿ ಬೀಸಿದರೆ ಹೊಲಕ್ಕೆ ಹೊಲವೇ ಚಾಪೆ ಹಾಸಿದ ಹಾಗೆ ಮಲಗುತ್ತದೆ. ಮಲಗಿದ ಸೆಣಬನ್ನು ಉಳುವುದು ಸುಲಭವಲ್ಲ. ನಾರು ಟಿಲ್ಲರಿನ ಹಲ್ಲುಗಳಿಗೆ ಸುತ್ತಿಕೊಂಡು ಗಳಿಗೆಗೊಮ್ಮೆ ನಿಲ್ಲಿಸಿ ಬಿಡಿಸಬೇಕಾಗುತ್ತದೆ. ಬೀಜಕ್ಕೆ ಬಿಟ್ಟ ಬೆಳೆಯಾದರೆ ಕಾಯಿ ನೆಲಕ್ಕೆ ತಾಗಿ ಕೊಳೆಯುತ್ತದೆ. ಬೀಜದ ದುಡ್ಡು, ಉಳುಮೆ ಕೂಲಿ ಎರಡೂ ಹೋಯಿತು.

ಹಾಗಾದರೆ ಶಿವಮೊಗ್ಗ, ಭದ್ರಾವತಿ ಸೀಮೆಯಲ್ಲಿ ಗಾಳಿ ಯಾವಾಗ ಬರುತ್ತದೆ? ಎರಡು ಸಲ. ಮೊದಲನೆಯದು ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಜೊತೆ ಸಂಜೆ ಹೊತ್ತು ನುಗ್ಗುವ ಬಿರುಗಾಳಿ. ಇದು ಯಾವ ದಿಕ್ಕಿನಿಂದ ಬರುತ್ತದೋ ಹೇಳುವಂತಿಲ್ಲ. ಎರಡನೆಯದು ಮುಂಗಾರಿನ ಗಾಳಿ. ಪಡುವಣ ಘಟ್ಟದ ಮೇಲೆ ಮಳೆ ಸುರಿಸಿ, ಅರೆಮಲೆನಾಡಾದ ನಮ್ಮ ಕಡೆಗೆ ಇಳಿದು, ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯದಿಂದ ಬೀಸುತ್ತದೆ. ಆಷಾಢದ ಗಾಳಿ ಅಂತ ನೀವು ಕರೆಯುವುದು ಇದನ್ನೇ. ನೆಲ ನೆಂದು ಬೇರು ಸಡಿಲವಾದ ಹೊತ್ತಿಗೇ ಇದು ಬರುವುದರಿಂದ ಹೆಚ್ಚು ಹಾನಿ ಇದರದ್ದೇ.

ಈ ಗಾಳಿಯನ್ನು ನಿಲ್ಲಿಸುವುದಕ್ಕೆ ಆಗುವುದಿಲ್ಲ. ಆದರೆ ಬಿತ್ತುವ ದಿನ ನಮ್ಮ ಕೈಯಲ್ಲಿದೆ. ಸೆಣಬಿನ ಗುಟ್ಟೆಲ್ಲ ಅದರಲ್ಲೇ ಇದೆ.

ಗೊಬ್ಬರಕ್ಕೆ ಬೆಳೆಯುವವರು ಕೃತ್ತಿಕೆ ಮಳೆಯ ಹದ ನೋಡಿ, ಮೇ ತಿಂಗಳ ನಡುವಿನಲ್ಲೇ ಬಿತ್ತಿಬಿಡಿ. ಎಕರೆಗೆ 15 ರಿಂದ 20 ಕಿಲೋ ಬೀಜ ಚೆಲ್ಲಿ, ಹಲುವೆ ಎಳೆಯಿರಿ. ಬಿರುಗಾಳಿ ಬಂದರೂ ಆಗ ಪೈರು ಗೇಣುದ್ದ, ಏನೂ ಆಗುವುದಿಲ್ಲ. 45 ರಿಂದ 50 ದಿನಕ್ಕೆ, ಅಂದರೆ ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ, ಸೊಪ್ಪು ಎಳೆಯದಾಗಿರುವಾಗಲೇ ಉತ್ತು ಮಣ್ಣಿಗೆ ಸೇರಿಸಿ. ಇನ್ನೂ ಸ್ವಲ್ಪ ಬೆಳೆಯಲಿ ಅಂತ ಕಾಯಬೇಡಿ. ಕಾದಷ್ಟೂ ದಂಟು ನಾರಾಗುತ್ತದೆ, ಕೊಳೆಯುವುದು ತಡವಾಗುತ್ತದೆ, ಗಾಳಿಯೂ ಬಲಿಯುತ್ತದೆ. ಉತ್ತ ಮೇಲೆ ಒಂದು ವಾರ ಹತ್ತು ದಿನ ಬಿಟ್ಟು ಭತ್ತ ನಾಟಿ ಮಾಡಿ. ಭದ್ರಾ ನಾಲೆಯ ಕೆಳಗಿನವರಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ.

ಬೀಜಕ್ಕೆ ಬೆಳೆಯುವವರ ಲೆಕ್ಕ ಬೇರೆ. ಸೆಣಬು ಹೂವಾಗುವುದು ಹಗಲು ಕಿರಿದಾಗುತ್ತ ಬಂದಾಗ. ಮೇ ತಿಂಗಳಲ್ಲಿ ಬಿತ್ತಿ ಬೀಜಕ್ಕೆ ಬಿಟ್ಟರೆ, ಹೂ ಬರುವ ತನಕ ಗಿಡ ಸುಮ್ಮನೆ ಎತ್ತರಕ್ಕೆ ಹೋಗುತ್ತದೆ, ಆಷಾಢದ ಗಾಳಿಗೆ ಸಿಕ್ಕಿಬೀಳುತ್ತದೆ. ಪುಷ್ಯ, ಆಶ್ಲೇಷಾ ಮಳೆಯಲ್ಲಿ, ಜುಲೈ ಕೊನೆಗೆ ಅಥವಾ ಆಗಸ್ಟ್ ಮೊದಲಿಗೆ ಬಿತ್ತಿ ನೋಡಿ. ಗಿಡ ಗಿಡ್ಡಗಿರುವಾಗಲೇ ಹೂವಿಗೆ ತಿರುಗುತ್ತದೆ. ಕಾಯಿ ಕಟ್ಟುವ ಹೊತ್ತಿಗೆ ಮುಂಗಾರಿನ ಗಾಳಿ ತಗ್ಗಿರುತ್ತದೆ. ಒಂದು ಒಂದೂವರೆ ಅಡಿ ಅಂತರದ ಸಾಲು, ಎಕರೆಗೆ 8 ರಿಂದ 10 ಕಿಲೋ ಬೀಜ ಸಾಕು. ಒತ್ತಾಗಿ ಬಿತ್ತಿದರೆ ಬಿಸಿಲಿಗಾಗಿ ಪೈಪೋಟಿ ಮಾಡಿ ಗಿಡ ಕಡ್ಡಿಯಾಗುತ್ತದೆ. ತಿಂಗಳಾದ ಮೇಲೆ ತುದಿ ಚಿವುಟಿ. ಎತ್ತರ ನಿಂತು ಪಕ್ಕದ ಕವಲು ಒಡೆಯುತ್ತದೆ, ಕಾಯಿಯೂ ಹೆಚ್ಚು. ಅದೇ ಸಮಯಕ್ಕೆ ಬುಡಕ್ಕೆ ಮಣ್ಣು ಏರಿಸಿ.

ಇನ್ನು ನೆಲದ ಮಾತು. ವರ್ಷವರ್ಷವೂ ಕೆಸರು ಮಾಡಿದ ಗದ್ದೆಯಲ್ಲಿ ನಾಲ್ಕೈದು ಅಂಗುಲದ ಕೆಳಗೆ ಮಣ್ಣು ಗಟ್ಟಿಯಾಗಿರುತ್ತದೆ. ತಾಯಿ ಬೇರು ಅಲ್ಲಿಗೇ ನಿಂತರೆ ಗಿಡ ಬುಡಸಮೇತ ಒರಗುತ್ತದೆ. ಬಿತ್ತುವ ಮೊದಲು ಒಮ್ಮೆ ಆಳವಾಗಿ ಉಳಿ. ನೀರು ನಿಲ್ಲದ ಹಾಗೆ ಬಸಿಗಾಲುವೆ ತೆಗೆಯಿರಿ. ನೀರು ನಿಂತರೆ ಸೆಣಬು ಬದುಕುವುದಿಲ್ಲ. ತಗ್ಗು ಗದ್ದೆಯವರು ಸೆಣಬಿನ ಬದಲು ಡಯಾಂಚ ಹಾಕುವುದು ಲೇಸು. ಸೆಣಬಿಗೆ ಯೂರಿಯಾ ಬೇಡ. ಕೊಟ್ಟರೆ ಗಿಡ ಮೆತ್ತಗೆ ಉದ್ದವಾಗಿ ಬೇಗ ಬೀಳುತ್ತದೆ. ರಂಜಕದ ಗೊಬ್ಬರ ಸ್ವಲ್ಪ ಕೊಟ್ಟರೆ ಬೇರಿನ ಗಂಟು ಚೆನ್ನಾಗಿ ಕಟ್ಟುತ್ತದೆ.

ಬಯಲು ಹೊಲದವರು ಪಡುವಣ ಮತ್ತು ತೆಂಕಣ ಬದುವಿನ ಮೇಲೆ ಗಾಳಿತಡೆಗೆ ಮರ ಬೆಳೆಸಿ. ಸರ್ವೆ, ಸಿಲ್ವರ್ ಓಕ್, ಗ್ಲಿರಿಸಿಡಿಯಾ ಯಾವುದಾದರೂ ಸರಿ. 20 ಅಡಿ ಎತ್ತರದ ಸಾಲು ಅದರ ಹತ್ತರಷ್ಟು, ಅಂದರೆ 200 ಅಡಿ ದೂರದವರೆಗೆ ಗಾಳಿಯ ಹೊಡೆತ ತಗ್ಗಿಸುತ್ತದೆ. ಆದರೆ ಗೋಡೆಯ ಹಾಗೆ ಮುಚ್ಚಬೇಡಿ. ಪೂರ್ತಿ ತಡೆದರೆ ಗಾಳಿ ಮೇಲೆ ಹಾರಿ ಆಚೆ ಬದಿಗೆ ಸುಳಿಯಾಗಿ ಬೀಳುತ್ತದೆ. ಅರ್ಧ ತಡೆದು ಅರ್ಧ ಬಿಡುವ ಬೇಲಿಯೇ ಒಳ್ಳೆಯದು. ಗ್ಲಿರಿಸಿಡಿಯಾ ಸೊಪ್ಪು ಗದ್ದೆಗೂ ಆಯಿತು.

ಬೀಜದ ಬೆಳೆ ಹೂವಾದಾಗ ಔಷಧಿ ಹೊಡೆಯಬೇಡಿ. ದೊಡ್ಡ ದುಂಬಿಗಳು ಹೂವಿಂದ ಹೂವಿಗೆ ಹೋದರೇನೇ ಕಾಯಿ ಕಟ್ಟುವುದು. ಕಾಯಿ ಒಣಗಿ, ಅಲ್ಲಾಡಿಸಿದರೆ ಒಳಗೆ ಗಿಲಿಗಿಲಿ ಸದ್ದು ಬಂದಾಗ ಕೊಯ್ಯಿರಿ. ತಾಯಂದಿರೇ, ಒಕ್ಕಣೆಯಾದ ಮೇಲೆ ಕಣ ಗುಡಿಸುವಾಗ ಒಂದು ಎಚ್ಚರ: ಸೆಣಬಿನ ಬೀಜ ದನಕರುಗಳ ಹೊಟ್ಟೆಗೆ ಹೋಗಬಾರದು, ಅದರಲ್ಲಿ ವಿಷ ಇದೆ.

ಕೊನೆಗೆ ಹೆಸರಿನ ಗೊಂದಲವೊಂದು ಉಂಟು. ಇಂಗ್ಲಿಷಿನಲ್ಲಿ ಸೆಣಬನ್ನೂ ಹೆಂಪ್ ಅಂತಾರೆ, ಗಾಂಜಾ ಜಾತಿಯ ಗಿಡವನ್ನೂ ಹೆಂಪ್ ಅಂತಾರೆ. ಎರಡೂ ಬೇರೆ ಬೇರೆ ಗಿಡ. ಜೋಳದ ಸಾಲಿನ ನಡುವೆ, ಶುಂಠಿ ಪಟ್ಟೆಯ ಮಧ್ಯೆ ನಾಲ್ಕು ಗಾಂಜಾ ಗಿಡ ಹಾಕಿ, ಕೈತುಂಬ ಹಣ ಕೊಡ್ತೀವಿ ಅಂತ ಯಾರಾದರೂ ಬಂದರೆ ಮರುಳಾಗಬೇಡಿ. 1985ರ ಮಾದಕ ವಸ್ತು ಕಾಯಿದೆಯಲ್ಲಿ ಗಾಂಜಾ ಬೆಳೆದವರಿಗೆ 10 ವರ್ಷದ ತನಕ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ತನಕ ದಂಡ ಇದೆ. ನಿಮ್ಮ ಜಮೀನಿನಲ್ಲಿ ಬೇರೆಯವರು ಬೆಳೆದಿದ್ದು ಗೊತ್ತಾದರೂ ತಿಳಿಸುವ ಹೊಣೆ ನಿಮ್ಮದೇ. ಹೊಲ ಗುತ್ತಿಗೆಗೆ ಕೊಟ್ಟವರು ಆಗಾಗ ಒಂದು ಸುತ್ತು ಹಾಕಿ ಬನ್ನಿ. ಮನೆಯ ಯಜಮಾನ ಜೈಲಿಗೆ ಹೋದರೆ ಆ ಸಂಸಾರ ಮತ್ತೆ ಎದ್ದು ನಿಲ್ಲುವುದು ಕಷ್ಟ.

ಸೆಣಬಿನ ಬೀಜಕ್ಕೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮುಂಚಿತವಾಗಿ ವಿಚಾರಿಸಿ ಇಟ್ಟುಕೊಳ್ಳಿ. ಮಳೆ ಬಿದ್ದ ಮೇಲೆ ಹುಡುಕಿದರೆ ಹದ ತಪ್ಪುತ್ತದೆ. ಈ ಸಲ ಪೂರ್ತಿ ಗದ್ದೆಗೆ ಬೇಡ, ಅರ್ಧ ಎಕರೆಗೆ ಹಾಕಿ ನೋಡಿ. ಭತ್ತದ ಪೈರಿನ ಬಣ್ಣದಲ್ಲೇ ವ್ಯತ್ಯಾಸ ಕಾಣುತ್ತದೆ.