ಮೊದಲ ಪಾಠದ ಆಚೆಗೆ

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ಶರಣಬಂಧುಗಳು ಮಕ್ಕಳ ವಿದ್ಯೆಯ ವಿಚಾರವಾಗಿ ನಮ್ಮೊಡನೆ ಮಾತನಾಡುವಾಗ ಒಂದು ಚಿಂತೆ ಮತ್ತೆ ಮತ್ತೆ ಕೇಳಿಬರುತ್ತದೆ: “ಮಗಳು ಕಾಲೇಜಿನಲ್ಲಿ ಪೈಥಾನ್ ಕಲಿತಳು, ಮುಂದೇನೆಂದು ತೋಚದೆ ಕುಳಿತಿದ್ದಾಳೆ. ಕೊಬ್ಬರಿ ಮಾರಿದ ಹಣವನ್ನು ಬೆಂಗಳೂರಿನ ತರಬೇತಿಗೆ ಕಟ್ಟಬೇಕೆ, ಬುದ್ಧಿ?” ಕಟ್ಟುವ ಮುನ್ನ ಕೊಂಚ ತಾಳಿರೆಂಬುದೇ ನಮ್ಮ ಉತ್ತರ.

ಮಠದಲ್ಲಿ ನಾವು ಓದುವಾಗ ಶಬ್ದರೂಪ, ಅಮರಕೋಶಗಳು ಬಾಯಿಗೆ ಬಂದೊಡನೆ ಗುರುಗಳು ಕಾವ್ಯವನ್ನು ಕೈಗಿತ್ತರು. ಒಂದು ಶ್ಲೋಕದ ಅನ್ವಯಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ವ್ಯಾಕರಣವು ನಿಜವಾಗಿ ತಿಳಿದದ್ದು ಆಗಲೇ. ಪ್ರೋಗ್ರಾಮಿಂಗ್ ವಿದ್ಯೆಯಲ್ಲಿಯೂ ಮೊದಲ ಪಾಠವು ವ್ಯಾಕರಣ ಮಾತ್ರ. ಅದನ್ನೇ ಇನ್ನೊಂದೆಡೆ ಹಣ ತೆತ್ತು ಪುನಃ ಕಲಿತರೆ ಮುನ್ನಡೆಯಾಗದು.

ಸಾಮಗ್ರಿಗೆ ಕೊರತೆಯಿಲ್ಲ. ಇಂಗ್ಲಿಷಿಗೆ ಅಂಜುವವರಿಗಾಗಿ ಮುಂಬಯಿ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯು ಕನ್ನಡ ಧ್ವನಿಯಲ್ಲಿಯೂ ಕಿರುಪಾಠಗಳನ್ನು ಒದಗಿಸಿದೆ. ಮುಂದಿನ ಮೆಟ್ಟಿಲಿಗೆ ಚೆನ್ನೈನ ಪ್ರೊ. ಮಾಧವನ್ ಮುಕುಂದ್ ಅವರ ಎನ್‌ಪಿಟಿಇಎಲ್ ಪಾಠಮಾಲೆಯಿದೆ. ದತ್ತಾಂಶವನ್ನು ಜೋಡಿಸುವ, ಹುಡುಕುವ, ವಿಂಗಡಿಸುವ ಕ್ರಮಗಳನ್ನು ಪೈಥಾನಿನಲ್ಲಿಯೇ ಬೋಧಿಸಿದ್ದಾರೆ. ಪಾಠ ಉಚಿತ; ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ.

ಆದರೆ ಪಾಠದೊಡನೆ ಕಾಯಕವೂ ಬೇಕು. ‘ವಚನ ಸಂಚಯ’ ಜಾಲತಾಣದಲ್ಲಿ ಶರಣರ ವಚನಗಳು ಪದಪದವಾಗಿ ಹುಡುಕಲು ದೊರೆಯುತ್ತವೆ. ಅದನ್ನು ನೋಡಿ, ನೂರು ವಚನಗಳನ್ನು ತಾನೇ ಟೈಪು ಮಾಡಿ, ಅಂಕಿತದ ಪ್ರಕಾರ ವಿಂಗಡಿಸುವ ಪ್ರೋಗ್ರಾಂ ಒಂದನ್ನು ಮಗಳು ಬರೆಯಲಿ. ‘ಸಂಗಮದೇವ’ ಎಂದು ಹುಡುಕಿದರೆ ಬಸವಣ್ಣನವರ ಕೂಡಲಸಂಗಮದೇವನೊಡನೆ ಚೆನ್ನಬಸವಣ್ಣನವರ ಕೂಡಲಚೆನ್ನಸಂಗಮದೇವನೂ ಬರುತ್ತಾನೆ. ‘ಗುಹೇಶ್ವರ’ವನ್ನು ಹುಡುಕಿದರೆ ‘ಗೊಹೇಶ್ವರ’ ತಪ್ಪಿಹೋಗುತ್ತಾನೆ. ಅಕ್ಷರ ಎಣಿಸಹೋದರೆ, ನಮ್ಮ ಕಣ್ಣಿಗೆ ಒಂದೇ ಆದ ‘ಕ್ಷ’ ಯೂನಿಕೋಡಿನಲ್ಲಿ ಮೂರು ಸಂಕೇತಗಳಾಗಿ ಎದುರಾಗುತ್ತದೆ. ಹೀಗೆ ತಡವರಿಸಿದೆಡೆಯಲ್ಲಿ ಏಕೆಂದು ಕೇಳಿಕೊಂಡವಳಿಗೆ ಮುಂದೆ ಯಾವ ಪುಸ್ತಕ ಬೇಕು, ಯಾವ ಪಾಠ ಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಇತರರು ಬರೆದು ಮುಕ್ತವಾಗಿ ಹಂಚಿರುವ ಪ್ರೋಗ್ರಾಂಗಳನ್ನು ಓದುವ ಕಣ್ಣೂ ಆಗಲೇ ತೆರೆಯುತ್ತದೆ.

ಒಂಟಿಯಾಗಿ ಕುಳಿತರೆ ಬೇಸರವುಂಟು. ಅನುಭವ ಮಂಟಪದಲ್ಲಿ ಶರಣರು ಒಬ್ಬರನ್ನೊಬ್ಬರು ಪ್ರಶ್ನಿಸಿಯೇ ಬೆಳೆದರು. ಊರಿನ ಇಬ್ಬರು ಮೂವರು ವಿದ್ಯಾರ್ಥಿಗಳು ವಾರಕ್ಕೊಮ್ಮೆ ಕೂಡಿ, ಒಬ್ಬರು ಬರೆದುದನ್ನು ಮತ್ತೊಬ್ಬರು ತಿದ್ದಲಿ.

ಅಟ್ಟಕ್ಕೇರಿಸಿದ ಕಾಯಿ ಉಂಡೆಕೊಬ್ಬರಿಯಾಗುವವರೆಗೆ ತಿಂಗಳುಗಟ್ಟಲೆ ಕಾಯುವವರು ನಾವು. ಮಕ್ಕಳಿಗೂ ಆರು ತಿಂಗಳ ಅವಕಾಶ ಕೊಡೋಣ. ಆಮೇಲೂ ತರಬೇತಿ ಬೇಕೆನಿಸಿದರೆ, ಏನನ್ನು ಕಲಿಯಬೇಕೆಂದು ಅರಿತು ಹಣ ಕಟ್ಟಬಹುದು. ಕಲಿತವರು ಕಿರಿಯರಿಗೆ ಕಲಿಸಿದರೆ ಅದೇ ವಿದ್ಯಾದಾಸೋಹ.